ಗುಂಡು ಹೊಡೆದವರು ಒಬ್ಬರು, ದುಡ್ಡು ಕಟ್ಟುವವರು ಇನ್ನೊಬ್ಬರು

ಪ್ರಶ್ನೆ: ನನ್ನ ಮಗಳು ಒಂಬತ್ತು ವರ್ಷದಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಅಲ್ಲಿ ಸ್ವಂತ ಮನೆ ಇದೆ. ‘ಪೊಲೀಸರು ಮಾಡಿದ ತಪ್ಪಿಗೆ ನಾವು ತೆರಿಗೆ ಕಟ್ಟುತ್ತಿದ್ದೇವೆ ಅಪ್ಪಾ’ ಎಂದು ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡಳು. ಪೊಲೀಸರ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಕುಟುಂಬಕ್ಕೆ ಆ ಊರು 2.7 ಕೋಟಿ ಡಾಲರ್ ಕೊಟ್ಟಿದ್ದನ್ನು ನಾನೂ ಪೇಪರಿನಲ್ಲಿ ಓದಿದ್ದೆ. ಕುತ್ತಿಗೆ ಮೇಲೆ ಮಂಡಿ ಊರಿದವನೇ ಯಾಕೆ ಕಟ್ಟಲಿಲ್ಲ? ಇಷ್ಟು ದುಡ್ಡು ಹೋದ ಮೇಲಾದರೂ ಇಲಾಖೆ ಬುದ್ಧಿ ಕಲಿಯುತ್ತದೆ ಅಲ್ವಾ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಮಗಳ ಮಾತು ನಿಜ ಸರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ನಮ್ಮ ಸರ್ಕಾರಿ ಬಸ್ಸಿನಿಂದಲೇ ಶುರು ಮಾಡೋಣ. ಬಸ್ಸು ಯಾರಿಗೋ ಗುದ್ದಿ ಜೀವ ಹೋದರೆ ಕೇಸು ಎರಡು ಕಡೆ ನಡೆಯುತ್ತದೆ. ಡ್ರೈವರ್ ಮೇಲೆ ಕ್ರಿಮಿನಲ್ ಕೇಸು ಒಂದು ಕೋರ್ಟಿನಲ್ಲಿ. ಪರಿಹಾರದ ಕ್ಲೇಮು ಇನ್ನೊಂದು ಕೋರ್ಟಿನಲ್ಲಿ. ಪರಿಹಾರ ಕಟ್ಟುವುದು ಸಾರಿಗೆ ಸಂಸ್ಥೆ, ಡ್ರೈವರ್ ಅಲ್ಲ. ಸಂಸ್ಥೆ ಕಟ್ಟದಿದ್ದರೆ ಕೋರ್ಟಿನ ಅಮೀನರು ಬಂದು ಬಸ್ಸನ್ನೇ ಜಪ್ತಿ ಮಾಡಿಕೊಂಡು ಹೋಗುವುದನ್ನು ನೀವೂ ನೋಡಿರಬಹುದು. ಅಮೆರಿಕದ ಪೊಲೀಸ್ ಕೇಸೂ ಹೆಚ್ಚುಕಡಿಮೆ ಹೀಗೇ ಎರಡು ದಾರಿಯಲ್ಲಿ ನಡೆಯುತ್ತದೆ.

ಅಲ್ಲಿ ಪರಿಹಾರದ ದಾವೆಗೆ ಆಧಾರ 1871ರ ಒಂದು ಕಾಯ್ದೆ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನ ಹಾವಳಿ ಜಾಸ್ತಿಯಾದಾಗ ಮಾಡಿದ್ದು. ಈಗ ವಕೀಲರ ಬಾಯಲ್ಲಿ ಅದು ‘ಸೆಕ್ಷನ್ 1983’. ಇಸವಿ ಅಂದುಕೊಳ್ಳಬೇಡಿ, ಅದು ಬರೀ ಸೆಕ್ಷನ್ನಿನ ನಂಬರು. ಸರ್ಕಾರದ ಅಧಿಕಾರ ಕೈಯಲ್ಲಿಟ್ಟುಕೊಂಡು ಯಾರಾದರೂ ನಿಮ್ಮ ಸಂವಿಧಾನದ ಹಕ್ಕು ಕಿತ್ತುಕೊಂಡರೆ ಅವರ ಮೇಲೆ ದಾವೆ ಹಾಕಬಹುದು ಎನ್ನುತ್ತದೆ ಅದು. ಓದಲು ಚೆನ್ನಾಗಿದೆ. ಆದರೆ ಆಮೇಲೆ ಸುಪ್ರೀಂ ಕೋರ್ಟು ಅದಕ್ಕೆ ಎರಡು ಬೇಲಿ ಹಾಕಿತು.

ಒಂದು, ‘ಕ್ವಾಲಿಫೈಡ್ ಇಮ್ಯುನಿಟಿ’ ಎಂಬ ರಕ್ಷಣೆ. ಪೊಲೀಸನ ಮೇಲಿನ ದಾವೆ ಮುಂದುವರಿಯಬೇಕಾದರೆ, ಹೆಚ್ಚುಕಡಿಮೆ ಇಂಥದ್ದೇ ಸಂದರ್ಭದಲ್ಲಿ ಹೀಗೆ ಮಾಡುವುದು ತಪ್ಪು ಎಂದು ಮೊದಲೇ ಯಾವುದಾದರೂ ಕೋರ್ಟು ಹೇಳಿರಬೇಕು. ಹಳೇ ತೀರ್ಪಿಲ್ಲ ಎಂದು ಕೇಸು ವಜಾ ಆದರೆ ಹೊಸ ತೀರ್ಪು ಹುಟ್ಟುವುದು ಎಲ್ಲಿಂದ? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಎರಡನೆಯದು, ನಗರವನ್ನೇ ಹೊಣೆ ಮಾಡಬೇಕಾದರೆ ಒಬ್ಬ ಪೊಲೀಸನ ತಪ್ಪು ತೋರಿಸಿದರೆ ಸಾಲದು. ಆ ತಪ್ಪು ಊರಿನ ನೀತಿಯಿಂದ ಅಥವಾ ಅಲ್ಲಿ ನಡೆದುಬಂದ ರೂಢಿಯಿಂದ ಆಯಿತು ಎಂದು ತೋರಿಸಬೇಕು. ಇದು 1978ರ ತೀರ್ಪು.

ಇಷ್ಟೆಲ್ಲ ದಾಟಿ ಬಂದ ಕೇಸಿನಲ್ಲೂ ಪೊಲೀಸನ ಜೇಬಿಗೆ ಕೈ ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಪ್ರಾಧ್ಯಾಪಕಿ ಜೊಯಾನಾ ಶ್ವಾರ್ಟ್ಜ್ 2006ರಿಂದ 2011ರವರೆಗಿನ ಲೆಕ್ಕ ತೆಗೆದರು. ದೊಡ್ಡ ಊರುಗಳ 44 ಪೊಲೀಸ್ ಇಲಾಖೆಗಳು. ಪಿರ್ಯಾದಿಗಳ ಕೈಸೇರಿದ್ದು 70 ಕೋಟಿ ಡಾಲರಿಗೂ ಜಾಸ್ತಿ. ಅದರಲ್ಲಿ ಪೊಲೀಸರು ಸ್ವಂತ ದುಡ್ಡು ಕೊಟ್ಟಿದ್ದು ಶೇ 0.02. ಅಂದರೆ ಹತ್ತು ಸಾವಿರಕ್ಕೆ ಎರಡು ರೂಪಾಯಿ! ಕೆಲವು ಕಡೆ ರಾಜ್ಯದ ಕಾನೂನು, ಕೆಲವು ಕಡೆ ಪೊಲೀಸ್ ಸಂಘದ ಜೊತೆಗಿನ ಒಪ್ಪಂದ, ಇನ್ನು ಕೆಲವು ಕಡೆ ಸುಮ್ನೆ ವಾಡಿಕೆ. ಅಂತೂ ಊರೇ ಕಟ್ಟುತ್ತದೆ.

ನಾನಂತೂ ಇದನ್ನು ಪೂರ್ತಿ ತಪ್ಪು ಎನ್ನುವುದಿಲ್ಲ. ಸಂಬಳದ ಮೇಲೆ ಬದುಕುವ ಪೊಲೀಸನಿಂದ 2.7 ಕೋಟಿ ಡಾಲರ್ ವಸೂಲಿ ಆಗುತ್ತದಾ? ಅವನೊಬ್ಬನನ್ನೇ ನಂಬಿದರೆ ಕುಟುಂಬದ ಕೈಗೆ ಸಿಗುವುದು ತೀರ್ಪಿನ ಕಾಗದ ಮಾತ್ರ. ಆದರೆ ಊರು ಕಟ್ಟುವ ದುಡ್ಡು ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ಬಹಳ ಕಡೆ ಅದು ಪೊಲೀಸ್ ಬಜೆಟ್ಟಿನಿಂದ ಬರುವುದಿಲ್ಲ. ಊರಿನ ಒಟ್ಟು ಖಜಾನೆಯಿಂದ ಬರುತ್ತದೆ. ಷಿಕಾಗೊ ನಗರವಂತೂ ಇಂಥ ಪರಿಹಾರ ಕಟ್ಟಲು ಬಾಂಡ್ ಮಾರಿ ಸಾಲ ಎತ್ತಿತು. ಅಸಲಿನ ಜೊತೆ ಬಡ್ಡಿಯೂ ಜನರ ತಲೆಗೇ. ಪೊಲೀಸ್ ಮುಖ್ಯಸ್ಥರಿಗೆ ಒಂದು ಜೀಪಿನ ಡೀಸೆಲ್ ಕೂಡ ಕಮ್ಮಿಯಾಗದಿದ್ದರೆ ಬುದ್ಧಿ ಕಲಿಯುವುದು ಯಾಕೆ?

ಫ್ಲಾಯ್ಡ್ ಕೇಸಿನಲ್ಲೇ ನೋಡಿ. 2020ರ ಮೇ 25ರಂದು ಡೆರೆಕ್ ಶಾವಿನ್ ಎಂಬ ಪೊಲೀಸ್ ಅಧಿಕಾರಿ 9 ನಿಮಿಷ 29 ಸೆಕೆಂಡ್ ಅವರ ಮೇಲೆ ಮಂಡಿ ಊರಿದ. ಇದೇ ಅಧಿಕಾರಿ 2017ರಲ್ಲೇ 14 ವರ್ಷದ ಹುಡುಗನೊಬ್ಬನನ್ನು ಹೀಗೇ ಮಂಡಿಯಲ್ಲಿ ಅದುಮಿದ್ದ. ಅದೇ ವರ್ಷ ಒಬ್ಬ ಮಹಿಳೆಯನ್ನೂ. ಪೊಲೀಸರ ಮೈಮೇಲಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಆ ಇಬ್ಬರಿಗೂ ಸೇರಿಸಿ ನಗರ ಸುಮಾರು 89 ಲಕ್ಷ ಡಾಲರ್ ಕೊಡಲು ಒಪ್ಪಿದ್ದು 2023ರಲ್ಲಿ. ಅಷ್ಟರಲ್ಲಿ ಫ್ಲಾಯ್ಡ್ ಸತ್ತು ಮೂರು ವರ್ಷ ಆಗುತ್ತಾ ಬಂದಿತ್ತು. 2017ರಲ್ಲೇ ಯಾರಾದರೂ ಆ ವಿಡಿಯೊ ಸರಿಯಾಗಿ ನೋಡಿ ಕ್ರಮ ತೆಗೆದುಕೊಂಡಿದ್ದರೆ ನಿಮ್ಮ ಮಗಳ ತೆರಿಗೆಯೂ ಉಳಿಯುತ್ತಿತ್ತು, ಒಂದು ಜೀವವೂ.

ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2022ರಲ್ಲಿ 25 ದೊಡ್ಡ ಇಲಾಖೆಗಳ ಹತ್ತು ವರ್ಷದ ಲೆಕ್ಕ ಬಿಚ್ಚಿಟ್ಟಿತು. ಒಟ್ಟು 320 ಕೋಟಿ ಡಾಲರ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ, ಒಂದಕ್ಕಿಂತ ಹೆಚ್ಚು ಸಲ ಇಂಥ ಕ್ಲೇಮಿಗೆ ಕಾರಣರಾದ ಪೊಲೀಸರ ಲೆಕ್ಕಕ್ಕೇ ಹೋಗಿತ್ತು.

ದುಡ್ಡು ಬಿಸಿ ಮುಟ್ಟಿಸುವುದು ಸಣ್ಣ ಊರುಗಳಲ್ಲಿ. ಅವು ವಿಮೆ ಮಾಡಿಸಿರುತ್ತವೆ. ಲಾಸ್ ಏಂಜಲೀಸ್ ಪಕ್ಕದ ಮೇವುಡ್ ಎಂಬ ಪುಟ್ಟ ಊರಿನ ಪೊಲೀಸರ ಮೇಲೆ ಎಷ್ಟು ಕ್ಲೇಮು ಬಂತೆಂದರೆ, 2010ರಲ್ಲಿ ವಿಮೆಯೇ ರದ್ದಾಯಿತು. ಊರು ತನ್ನ ಪೊಲೀಸ್ ಇಲಾಖೆಯನ್ನೇ ಮುಚ್ಚಿತು. ಕಾವಲನ್ನು ಜಿಲ್ಲೆಯ ಶೆರಿಫ್‌ಗೆ ಗುತ್ತಿಗೆ ಕೊಟ್ಟಿತು. ಯಾವ ನ್ಯಾಯಾಧೀಶರೂ ಮಾಡದ್ದನ್ನು ವಿಮಾ ಲೆಕ್ಕ ಮಾಡಿತು! ಕೊಲೊರಾಡೊ ರಾಜ್ಯ 2020ರಲ್ಲಿ ಬೇರೆ ದಾರಿ ಹಿಡಿಯಿತು. ಪೊಲೀಸ್ ಒಳ್ಳೆಯ ನಂಬಿಕೆಯಿಂದ ನಡೆದುಕೊಳ್ಳಲಿಲ್ಲ ಎಂದು ಅವನ ಇಲಾಖೆಯೇ ತೀರ್ಮಾನಿಸಿದರೆ, ಪರಿಹಾರದ ಶೇ 5 ಅಥವಾ 25,000 ಡಾಲರ್, ಯಾವುದು ಕಮ್ಮಿಯೋ ಅದನ್ನು ಅವನೇ ಕಟ್ಟಬೇಕು. ಮೊತ್ತ ಸಣ್ಣದು ನಿಜ. ಆದರೆ ಮನೆಯಲ್ಲಿ ಹೆಂಡತಿ ಕೇಳುವಷ್ಟು ದೊಡ್ಡದು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಪರಿಹಾರ ತೆಗೆದುಕೊಂಡು ರಾಜಿ ಮಾಡಿಕೊಂಡರೆ ಪೊಲೀಸ್ ತಪ್ಪು ಒಪ್ಪಿಕೊಂಡ ಹಾಗಾ? ಅಥವಾ ಕುಟುಂಬ ನ್ಯಾಯ ಮಾರಿಕೊಂಡ ಹಾಗಾ? ಕ್ರಿಮಿನಲ್ ಕೇಸು ಅಲ್ಲಿಗೇ ಬಿದ್ದುಹೋಗುತ್ತದಾ?
— ಮೈಸೂರು

ಉತ್ತರ: ಮೂರಕ್ಕೂ ಇಲ್ಲ ಅಂತಲೇ ಉತ್ತರ. ಆದರೆ ಆ ‘ಮಾರಿಕೊಂಡ’ ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಮನೆಗೆ ದುಡಿದು ತರುತ್ತಿದ್ದವರು ಹೋದ ಮೇಲೆ ಬಾಡಿಗೆ ಯಾರು ಕಟ್ಟಬೇಕು?

ರಾಜಿ ಪತ್ರದಲ್ಲಿ ‘ಇದರಿಂದ ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಕ್ರಿಮಿನಲ್ ಕೇಸು ಹೂಡುವುದು ಸರ್ಕಾರಿ ವಕೀಲರು. ಕುಟುಂಬ ಸಹಿ ಹಾಕಿತು ಎಂದು ಅದು ನಿಲ್ಲುವುದಿಲ್ಲ. ಮಿನಿಯಾಪೊಲಿಸ್ 2.7 ಕೋಟಿ ಡಾಲರಿಗೆ ಒಪ್ಪಿದ್ದು 2021ರ ಮಾರ್ಚ್ 12ರಂದು. ಶಾವಿನ್ ವಿಚಾರಣೆಗೆ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಆಯ್ಕೆ ಆಗ ನಡೆಯುತ್ತಿತ್ತು. ಆಗಲೇ ಆರಿಸಿದ್ದ ಇಬ್ಬರು ಜ್ಯೂರಿಗಳು ‘ಈ ಸುದ್ದಿ ಕೇಳಿ ಮನಸ್ಸು ಒಂದು ಕಡೆ ವಾಲಿದೆ’ ಎಂಬರ್ಥದಲ್ಲಿ ಹೇಳಿದ್ದರಿಂದ ಅವರನ್ನು ಬಿಟ್ಟುಕಳಿಸಬೇಕಾಯಿತು. ಆದರೂ ಏಪ್ರಿಲ್ 20ರಂದು ಕೊಲೆ ಸಾಬೀತಾಯಿತು. ಇಪ್ಪತ್ತೆರಡೂವರೆ ವರ್ಷ ಜೈಲು. ಇದು ಅಪರೂಪದ ಕೇಸು, ನೆನಪಿಡಿ. ನ್ಯೂಯಾರ್ಕಿನ ಎರಿಕ್ ಗಾರ್ನರ್ ಕುಟುಂಬಕ್ಕೆ 2015ರಲ್ಲಿ 59 ಲಕ್ಷ ಡಾಲರ್ ಸಿಕ್ಕಿತು. ಕುತ್ತಿಗೆ ಹಿಸುಕಿದ ಪೊಲೀಸನ ಮೇಲೆ ಆರೋಪಪಟ್ಟಿಯೇ ಬರಲಿಲ್ಲ. ಅವನ ಕೆಲಸ ಹೋಗಲು 2019 ಆಗಬೇಕಾಯಿತು.

ದುಡ್ಡು ಬಾಯಿ ಮುಚ್ಚಿಸಲು ಬಳಕೆಯಾಗುವುದೂ ಉಂಟು. ಅದಕ್ಕೆ ಷಿಕಾಗೊ ಕೇಸು ಓದಲೇಬೇಕು. 2014ರ ಅಕ್ಟೋಬರ್‌ನಲ್ಲಿ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17ರ ಹುಡುಗನಿಗೆ ಒಬ್ಬ ಪೊಲೀಸ್ 16 ಗುಂಡು ಹೊಡೆದ. ಹುಡುಗ ಚಾಕು ಹಿಡಿದು ಮೇಲೆ ಬಿದ್ದ ಎಂದು ಪೊಲೀಸರ ವರದಿ. ಜೀಪಿನ ಕ್ಯಾಮೆರಾದಲ್ಲಿ ಇದ್ದದ್ದು ಬೇರೆ. ಹುಡುಗ ಪೊಲೀಸರಿಂದ ದೂರ ನಡೆದು ಹೋಗುತ್ತಿದ್ದ. ಕುಟುಂಬ ಇನ್ನೂ ದಾವೆಯನ್ನೇ ಹಾಕಿರಲಿಲ್ಲ. 2015ರ ಏಪ್ರಿಲ್‌ನಲ್ಲಿ ನಗರ ಮಂಡಳಿ 50 ಲಕ್ಷ ಡಾಲರಿಗೆ ಒಪ್ಪಿಗೆ ಕೊಟ್ಟಿತು. ಮೇಯರ್ ರಾಮ್ ಇಮ್ಯಾನುಯೆಲ್ ಮರುಚುನಾವಣೆ ಗೆದ್ದು ಆಗ ಒಂದು ವಾರ ಆಗಿತ್ತು. ವಿಡಿಯೊ ಸದ್ಯಕ್ಕೆ ಹೊರಗೆ ಬರಬಾರದು ಎಂಬ ಮಾತು ಆ ಒಪ್ಪಂದದಲ್ಲೇ ಇತ್ತು. ಒಬ್ಬ ಪತ್ರಕರ್ತ ಕೋರ್ಟಿಗೆ ಹೋಗಿ ಗೆದ್ದ ಮೇಲೆ ನವೆಂಬರ್ 24ರಂದು ವಿಡಿಯೊ ಹೊರಬಿತ್ತು. ಅದೇ ದಿನ, ಹೌದು, ಅದೇ ದಿನ, ಪೊಲೀಸನ ಮೇಲೆ ಕೊಲೆ ಆರೋಪ ಹೊರಿಸಿದರು. ಹದಿಮೂರು ತಿಂಗಳು ಆ ವಿಡಿಯೊ ಅಧಿಕಾರಿಗಳ ಕೈಯಲ್ಲೇ ಇತ್ತು. 2018ರಲ್ಲಿ ಜ್ಯೂರಿ ಅವನನ್ನು ತಪ್ಪಿತಸ್ಥ ಎಂದಿತು.

ಬಾಲ್ಟಿಮೋರ್‌ನಲ್ಲಿ ಇನ್ನೂ ವಿಚಿತ್ರ. ಅಲ್ಲಿ ಪೊಲೀಸರು ಹೊಡೆದರು ಎಂದು ದಾವೆ ಹಾಕಿದ ಮಹಿಳೆಗೆ 63,000 ಡಾಲರಿಗೆ ರಾಜಿಯಾಯಿತು. ಷರತ್ತು, ಕೇಸಿನ ಬಗ್ಗೆ ಬಾಯಿ ಬಿಡಬಾರದು. ಪತ್ರಿಕೆಯೊಂದರ ಜಾಲತಾಣದಲ್ಲಿ ಜನ ತನ್ನ ಬಗ್ಗೆ ಕೆಟ್ಟದಾಗಿ ಬರೆದದ್ದಕ್ಕೆ ಆಕೆ ಉತ್ತರ ಕೊಟ್ಟಳು. ನಗರ ಅರ್ಧ ದುಡ್ಡು ಹಿಡಿದುಕೊಂಡಿತು! 2019ರಲ್ಲಿ ಮೇಲ್ಮನವಿ ಕೋರ್ಟು ಅಂಥ ಷರತ್ತು ನಡೆಯುವುದಿಲ್ಲ ಎಂದಿತು.

ಹಾಗಾಗಿ ನೀವು ನಾಳೆ ವಕೀಲರಾದಾಗ ರಾಜಿ ಪತ್ರದಲ್ಲಿ ಮೊತ್ತ ಆಮೇಲೆ ನೋಡಿ, ಷರತ್ತು ಮೊದಲು ನೋಡಿ. ಲೂಯಿವಿಲ್‌ನಲ್ಲಿ ಬ್ರಿಯಾನಾ ಟೇಲರ್ ಎಂಬ ಯುವತಿ ತನ್ನ ಮನೆಯಲ್ಲೇ ಪೊಲೀಸ್ ಗುಂಡಿಗೆ ಸತ್ತಳು. 2020ರ ಸೆಪ್ಟೆಂಬರ್‌ನಲ್ಲಿ ಕುಟುಂಬ 1.2 ಕೋಟಿ ಡಾಲರ್ ಪಡೆಯಿತು. ಜೊತೆಗೆ, ಮನೆ ಶೋಧದ ವಾರಂಟಿಗೆ ಕೋರ್ಟಿಗೆ ಹೋಗುವ ಮೊದಲು ಹಿರಿಯ ಅಧಿಕಾರಿಯ ಒಪ್ಪಿಗೆ ಬೇಕು ಎಂಬಂಥ ಬದಲಾವಣೆಗಳನ್ನೂ ಒಪ್ಪಂದದಲ್ಲೇ ಬರೆಸಿಕೊಂಡಿತು. ದುಃಖದ ನಡುವೆಯೂ ಆ ತಾಯಿ ಹಿಡಿದ ಪಟ್ಟು ನೋಡಿ.

ಪ್ರಶ್ನೆ: ಅಮೆರಿಕದ ಕತೆ ಸಾಕು ಸ್ವಾಮಿ. ನಮ್ಮಲ್ಲಿ ಗೋಲಿಬಾರ್, ಲಾಕಪ್ ಸಾವು ಆದರೆ ಪರಿಹಾರ ಹಕ್ಕೋ, ಮಂತ್ರಿಗಳ ಕೃಪೆಯೋ?
— ಬಂಟ್ವಾಳ

ಉತ್ತರ: ಕಾಗದದಲ್ಲಿ ಹಕ್ಕು, ನಡೆಯುವುದು ಬಹಳ ಸಲ ಕೃಪೆ. ನಿಮ್ಮ ಪಕ್ಕದ ಮಂಗಳೂರಿನಲ್ಲೇ 2019ರ ಡಿಸೆಂಬರ್ 19ರ ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ತಲಾ 10 ಲಕ್ಷ ಎಂದರು. ಕೆಲವೇ ದಿನದಲ್ಲಿ, ತನಿಖೆ ಮುಗಿಯುವ ತನಕ ಕೊಡುವುದಿಲ್ಲ ಎಂದರು. ಕೊಟ್ಟ ಮಾತು ಹಿಂದೆ ಪಡೆಯಲು ಬರುತ್ತದೆ ಅಂದರೆ ಅದು ಹಕ್ಕಲ್ಲ ಅಂತಲೇ ಅರ್ಥ.

ಹಕ್ಕಿನ ದಾರಿ ತೋರಿಸಿದ್ದು ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ. ಪೊಲೀಸರು ಕರೆದೊಯ್ದ 22 ವರ್ಷದ ಮಗ ಮರುದಿನ ರೈಲು ಹಳಿ ಮೇಲೆ ಹೆಣವಾಗಿ ಸಿಕ್ಕ. ಆಕೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಅದನ್ನೇ ಅರ್ಜಿಯಾಗಿ ತೆಗೆದುಕೊಂಡು 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಜೀವಿಸುವ ಹಕ್ಕು ಕಿತ್ತುಕೊಂಡ ಸರ್ಕಾರ ‘ಸರ್ಕಾರದ ಮೇಲೆ ದಾವೆ ಹಾಕುವಂತಿಲ್ಲ’ ಎಂಬ ರಾಜಾಧಿಕಾರದ ಹಿಂದೆ ಅಡಗುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು.

ಪೊಲೀಸರ ಮೇಲೆ ಕ್ರಿಮಿನಲ್ ಕೇಸು ಮಾತ್ರ ಇಲ್ಲೂ ಕಷ್ಟ. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುಮತಿ ಬೇಕು. ಎನ್‌ಕೌಂಟರ್ ಆದರೆ 2014ರ ಸುಪ್ರೀಂ ಕೋರ್ಟ್ ನಿರ್ದೇಶನ ಇದೆ. ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆಯಾದ ಕೂಡಲೇ ಪದಕ, ಬಡ್ತಿ ಕೊಡಬಾರದು. ನಮ್ಮಲ್ಲಿ ಹೂವಿನ ಹಾರವೇ ಮೊದಲು ಬಂದುಬಿಡುತ್ತದೆ, ಅದು ಬೇರೆ ಮಾತು.

ನಿಮ್ಮ ಪೈಕಿ ಯಾರಿಗಾದರೂ ಹೀಗಾಗಿದ್ದರೆ ಮೊದಲು ಮರಣೋತ್ತರ ಪರೀಕ್ಷೆ ವರದಿ, ಎಫ್‌ಐಆರ್ ಪ್ರತಿ ತೆಗೆದಿಟ್ಟುಕೊಳ್ಳಿ. ಪರಿಹಾರಕ್ಕೆ ಹೈಕೋರ್ಟಿನಲ್ಲಿ ರಿಟ್ ಹಾಕಬಹುದು. ಮಾನವ ಹಕ್ಕು ಆಯೋಗಕ್ಕೆ ಹೋಗಲು ವಕೀಲರೂ ಬೇಡ, ಬಿಳಿ ಹಾಳೆಯ ಮೇಲೆ ಬರೆದರೆ ಸಾಕು. ಆದರೆ ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು. ಮಂತ್ರಿಗಳ ಭರವಸೆ ಕಾಯುತ್ತಾ ಆ ವರ್ಷ ಕಳೆದುಕೊಳ್ಳಬೇಡಿ.