ಓದುಗರ ಪ್ರಶ್ನೆ: ಗ್ಯಾರೇಜ್ ಸೇಲ್ ಸಾಮಾನು ತುಂಬ್ಕೊಂಡು ರೂಮಲ್ಲಿ ಕಾಲಿಡೋಕೆ ಜಾಗ ಇಲ್ಲ

ಪ್ರಶ್ನೆ: ಅಕ್ಕಾ ನಮಸ್ಕಾರ. ನಮ್ಮೂರು ಹಾಸನ, ಈಗ ಇರೋದು ಟೆಕ್ಸಸ್‌ನ ಡಲ್ಲಾಸ್ ಹತ್ರ, ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟು. ಬಂದ ಹೊಸದರಲ್ಲಿ ಗ್ಯಾರೇಜ್ ಸೇಲಲ್ಲಿ (ಇಲ್ಲಿ ಮನೆಯವರು ಬೇಡದ ಹಳೇ ಸಾಮಾನನ್ನ ಗ್ಯಾರೇಜಲ್ಲಿಟ್ಟು ಮಾರೋದು) 20 ಡಾಲರಿಗೆ ಡೈನಿಂಗ್ ಟೇಬಲ್ ಸಿಕ್ತು, ಅವತ್ತಿಂದ ಶನಿವಾರ ಬಂತು ಅಂದ್ರೆ ಬೆಳಿಗ್ಗೆ ಏಳಕ್ಕೇ ನಾನೂ ನಮ್ಮನೆಯವ್ರೂ ಹೊರಟುಬಿಡ್ತೀವಿ. ಈಗ ಕ್ಲಾಸೆಟ್ (ಗೋಡೆ ಕಪಾಟು) ಬಾಗಿಲು ಹಾಕೋಕಾಗಲ್ಲ. ಬ್ರೆಡ್ ಮೇಕರ್ ಎರಡಿದೆ, ಒಂದರಲ್ಲೂ ಬ್ರೆಡ್ ಮಾಡಿಲ್ಲ. ದಸರಾ ಹೊತ್ತಿಗೆ ಅತ್ತೆ ಮಾವ ಬರ್ತಿದಾರೆ, ಅವರ ರೂಮೇ ಗೋಡೌನ್ ಆಗಿದೆ. ಪೂರ್ತಿ ಬಿಡೋಕೂ ಮನಸ್ಸಿಲ್ಲ, ಏನ್ಮಾಡ್ಲಿ?

ಉತ್ತರ: ಬಿಡೋದೇನೂ ಬೇಡಮ್ಮ. ನಾನೂ ನ್ಯೂಜೆರ್ಸೀಲಿ ಒಂಬತ್ತು ವರ್ಷ ಇದ್ದೆ, ನಮ್ಮನೆ ಸೋಫಾ, ಮಗಳು ಓದೋ ಮೇಜು, ಅವಳ ಮೊದಲ ಸೈಕಲ್ಲು ಎಲ್ಲಾ ಯಾರದೋ ಮನೆ ಗ್ಯಾರೇಜಿಂದ ಬಂದಿದ್ದೇ, ಆ ದುಡ್ಡು ಉಳಿದಿದ್ದಕ್ಕೆ ಆ ವರ್ಷ ಊರಿಗೆ ಟಿಕೆಟ್ ತಗೊಳೋಕಾಯ್ತು. ತೊಂದರೆ ಇರೋದು ರೇಟಲ್ಲಿ. ಅಂಗಡೀಲಿ 60 ಡಾಲರ್ ಅಂದ್ರೆ ಬೇಕಾ ಬೇಡ್ವಾ ಅಂತ ಹತ್ತು ಸಲ ಯೋಚಿಸ್ತೀವಿ, ಅದೇ ಸಾಮಾನಿಗೆ 3 ಡಾಲರ್ ಚೀಟಿ ಅಂಟಿಸಿದ್ರೆ ಯೋಚನೆನೇ ಮಾಡಲ್ಲ, ಇರ್ಲಿ ತಗೋ ಅಂತೀವಿ. ನಿಮ್ಮ ಎರಡನೇ ಬ್ರೆಡ್ ಮೇಕರ್ ಹಾಗೇ ಬಂದಿರುತ್ತೆ.

ಅದಕ್ಕೆ ಲಿಸ್ಟ್ ಮಾಡೋದು ಶುಕ್ರವಾರ ರಾತ್ರಿ ಮನೇಲಿ ಓಡಾಡ್ಕೊಂಡು. ಏನು ಬೇಕು ಅಂತಷ್ಟೇ ಬರೆದ್ರೆ ಸಾಲದು, ಅದನ್ನ ಎಲ್ಲಿಡ್ತೀರಿ ಅನ್ನೋದನ್ನೂ ಪಕ್ಕದಲ್ಲೇ ಬರೀರಿ. ಬುಕ್ ಶೆಲ್ಫ್ ಬೇಕಾ, ಕಿಟಕಿ ಪಕ್ಕದ ಗೋಡೆ 31 ಇಂಚು ಇದೆ ಅಂತ ಟೇಪ್ ಹಿಡಿದು ಅಳೆದು ಫೋನಲ್ಲಿ ಫೋಟೋ ಇಟ್ಕೊಳ್ಳಿ, ಟೇಪೂ ಪರ್ಸಲ್ಲೇ ಇರ್ಲಿ. ಇಡೋ ಜಾಗ ಬರೆಯೋಕಾಗದ ಸಾಮಾನು ಲಿಸ್ಟಿಗೆ ಬರೋ ಹಾಗೇ ಇಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಇದನ್ನ ಗಟ್ಟಿಯಾಗಿ ಹಿಡ್ಕೊಂಡ್ರೂ ಸಾಕು.

ದುಡ್ಡು ಎಣಿಸಿ ತಗೊಂಡ್ ಹೋಗಿ, 20 ಡಾಲರು, ಎಲ್ಲಾ ಒಂದರ, ಐದರ ನೋಟು. ಚಿಲ್ರೆ ಇದ್ರೆ ಚೌಕಾಸೀನೂ ಸುಲಭ, ಎರಡೂ ಸೇರಿ ಎಂಟಕ್ಕೆ ಕೊಡ್ತೀರಾ ಅಂತ ನಗ್ತಾ ಕೇಳಿ, ಎಷ್ಟೋ ಜನ ಒಪ್ಪೇ ಒಪ್ತಾರೆ. ಮಧ್ಯಾಹ್ನ ಸೇಲ್ ಮುಗಿಯೋ ಹೊತ್ತಿಗೆ ರೇಟ್ ಅರ್ಧಕ್ಕಿಳಿಯುತ್ತೆ, ಆದ್ರೆ ಆಗ್ಲೇ 'ಫ್ರೀ' ಅಂತ ಬರೆದ ಡಬ್ಬ ಫುಟ್‌ಪಾತಿಗೆ ಬರೋದು, ಅದರ ಹತ್ರ ಹೋಗ್ಬೇಡಿ ದಯವಿಟ್ಟು. ಮೂವಿಂಗ್ ಸೇಲ್ ಅಂತ ಬೋರ್ಡ್ ಇದ್ರೆ ಅಲ್ಲಿಗೆ ಮೊದಲು ಹೋಗಿ, ಮನೆ ಖಾಲಿ ಮಾಡೋರು ನಿನ್ನೆ ತನಕ ಬಳಸಿದ್ದನ್ನೇ ಮಾರ್ತಾರೆ. ಕರೆಂಟಿನ ಸಾಮಾನಾದ್ರೆ ಗ್ಯಾರೇಜಲ್ಲೇ ಪ್ಲಗ್ ಹಾಕಿ ನೋಡ್ದೆ ತಗೋಬೇಡಿ. ಬಟ್ಟೆ ಹೊದಿಸಿದ ಸೋಫಾ, ಹಾಸಿಗೆ ಅಂದ್ರೆ ಹೊಲಿಗೆ ಸಂದೀಲಿ ಫೋನ್ ಟಾರ್ಚ್ ಬಿಟ್ಟು ನೋಡ್ಬೇಕು, ಶಾಯಿ ಚಿಮುಕಿಸಿದ ಹಾಗೆ ಕಪ್ಪು ಚುಕ್ಕೆ ಇದ್ರೆ ತಿಗಣೆ, ಅದು ಒಂದ್ಸಲ ಮನೆ ಹೊಕ್ರೆ ಓಡಿಸೋದು ಬಲು ಕಷ್ಟ.

ತಗೊಳ್ಳೋದು ಏನು ಅಂತ ಕೇಳಿದ್ರೆ ನಾನು ಮೊದಲು ಹೇಳೋದು ಬೀಡಿನ ಹೆಂಚು. ಅಮೆರಿಕದ ಹಳೇ ಮನೆಗಳಲ್ಲಿ ಲಾಡ್ಜ್, ವ್ಯಾಗ್ನರ್, ಗ್ರಿಸ್‌ವೋಲ್ಡ್ ಅಂತ ಕಂಪನಿಗಳ ಬೀಡಿನ ಹೆಂಚು, ಬಾಣಲೆ ಇರುತ್ತೆ, ತುಕ್ಕು ಹಿಡಿದಿದೆ ಅಂತ ಎರಡು ಮೂರು ಡಾಲರಿಗೆ ಕೊಟ್ಟುಬಿಡ್ತಾರೆ. ಮೇಲಿನ ತುಕ್ಕಿಗೆ ಹೆದರ್ಬೇಡಿ. ಸಂತೇಲಿ ಮಡಕೆ ತಟ್ಟಿ ನೋಡ್ತಾರಲ್ಲ ಹಾಗೆ ಬೆರಳಗೆಣ್ಣಲ್ಲಿ ತಟ್ಟಿ, ಟಣ್ ಅನ್ನಬೇಕು, ಬೊದ್ ಅಂದ್ರೆ ಎಲ್ಲೋ ಬಿರುಕಿದೆ. ಸಿಮೆಂಟ್ ನೆಲದ ಮೇಲಿಟ್ಟು ಅಂಚು ಒತ್ತಿ, ಅಲ್ಲಾಡಿದ್ರೆ ಗಾಜಿನ ಸ್ಟವ್ ಮೇಲೆ ಸರಿಯಾಗಿ ಕೂರಲ್ಲ. ಮತ್ತೊಂದು, ಅಲ್ಲಿ ಕೆಲವರು ಹಳೇ ಬಾಣಲೇಲಿ ಮೀನಿನ ಗಾಳಕ್ಕೆ ಕಟ್ಟೋ ಗುಂಡು ಮಾಡೋಕೆ ಸೀಸ ಕರಗಿಸ್ತಿದ್ರು, ಅದಕ್ಕೆ ಏನಕ್ಕೆ ಬಳಸಿದ್ರಿ ಅಂತ ಕೇಳಿ, ಅನುಮಾನ ಬಂದ್ರೆ ಬಿಟ್ಬಿಡಿ. ಮನೆಗೆ ತಂದು ಸ್ಟೀಲ್ ನಾರಲ್ಲಿ ತಿಕ್ಕಿ ತೊಳೆದು, ಒಲೆ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಸವರಿದ್ದನ್ನ ಬಟ್ಟೇಲಿ ಒರೆಸಿಬಿಟ್ಟು, ಓವನ್ನಲ್ಲಿ 450 ಡಿಗ್ರಿ ಫ್ಯಾರನ್‌ಹೀಟಿಗೆ ಒಂದು ಗಂಟೆ ಬೋರಲಾಗಿಡಿ, ಹೀಗೆ ಮೂರು ನಾಲ್ಕು ಸಲ. ಆಮೇಲೆ ನಮ್ಮ ಮನೆಗಳಲ್ಲಿ ಮಾಡೋ ಹಾಗೆ ಅರ್ಧ ಈರುಳ್ಳಿ ಎಣ್ಣೇಲಿ ಅದ್ದಿ ಉಜ್ಜಿ. ಮೊದಲೆರಡು ದೋಸೆ ಹರೀಬಹುದು, ಹೆಂಚು ಪಳಗಿದ ಮೇಲೆ ಅಂಚು ತಾನಾಗೇ ಏಳುತ್ತೆ. ಹೆಂಚು ಬಂದ ದಿನವೇ ಗೀಚು ಬಿದ್ದಿರೋ ನಾನ್‌ಸ್ಟಿಕ್ ತವಾ ಮನೆಯಿಂದಾಚೆ ಹೋಗ್ಬೇಕು, ಇಲ್ದಿದ್ರೆ ಶೆಲ್ಫಲ್ಲಿ ಎರಡಾಗುತ್ತೆ.

ಇನ್ನು ಅತ್ತೆ ಮಾವನ ರೂಮು. ಆಗಸ್ಟಲ್ಲಿ ಯುಟಿ ಡಲ್ಲಾಸ್ ಯೂನಿವರ್ಸಿಟಿಗೆ ಓದೋಕೆ ನಮ್ಮ ಕಡೆ ಹುಡುಗ್ರು ಹುಡುಗೀರು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದಿಳೀತಾರೆ, ಅವರಿಗೆ ಲ್ಯಾಂಪು, ಕುರ್ಚಿ, ಪಾತ್ರೆ ಎಲ್ಲಾ ಬೇಕು. ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿ ಕೊಟ್ಬಿಡಿ. ಉಳಿದಿದ್ದು ಗುಡ್‌ವಿಲ್‌ಗೆ, ಅದೇ ಹಳೇ ಸಾಮಾನು ದಾನ ತಗೊಳ್ಳೋ ಸಂಸ್ಥೆಗೆ. ಯಾವಾಗ್ಲಾದ್ರೂ ಬೇಕಾಗುತ್ತೆ ಅಂತ ಕೈ ತಡೆಯುತ್ತೆ, ಆಗ ಆ ಮಂಚದ ಮೇಲೆ ಮಾವ ಮಲಗಬೇಕು ಅನ್ನೋದನ್ನ ನೆನೆಸ್ಕೊಳ್ಳಿ.

ಪ್ರಶ್ನೆ: ಮೊನ್ನೆ ಸೀಮಂತ ಆಯ್ತು ಮೇಡಂ, ಮಗುಗೆ ಕ್ರಿಬ್ಬು (ಸುತ್ತ ಕಡ್ಡಿ ಇರೋ ಮಗು ಮಂಚ), ಕಾರಲ್ಲಿ ಮಗು ಕೂರಿಸೋ ಕಾರ್ ಸೀಟು ಗ್ಯಾರೇಜ್ ಸೇಲಲ್ಲಿ ತಗೋಬಹುದಾ? (ಎಡಿಸನ್, ನ್ಯೂಜೆರ್ಸಿ)

ಉತ್ತರ: ಕಾರ್ ಸೀಟ್ ಬೇಡವೇ ಬೇಡ. ಅದಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಆ ಸೀಟು ಒಂದ್ಸಲ ಆಕ್ಸಿಡೆಂಟಲ್ಲಿ ಸಿಕ್ಕಿತ್ತಾ ಅನ್ನೋದು ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಕ್ರಿಬ್ ವಿಷಯ, ಒಂದು ಪಕ್ಕ ಕೆಳಗೆ ಜಾರಿಸೋ ಥರದ್ದನ್ನ ಮಾರೋದೇ 2011ರ ಜೂನ್ 28ರಿಂದ ಅಮೆರಿಕದಲ್ಲಿ ನಿಷೇಧ, ಮನೆ ಗ್ಯಾರೇಜಲ್ಲಿ ಮಾರಿದ್ರೂ ಅಷ್ಟೇ, ಆ ಪಕ್ಕ ಕಳಚ್ಕೊಂಡು ಮಕ್ಕಳು ಸಂದೀಲಿ ಸಿಕ್ಕಿ ಪ್ರಾಣ ಹೋಗಿವೆ. ಅದಕ್ಕಿಂತ ಹೊಸದಾದ್ರೂ ಕಂಪನಿ, ಮಾಡೆಲ್ ನಂಬರ್ ಬರ್ಕೊಂಡು ಸಿಪಿಎಸ್‌ಸಿ (ಸಾಮಾನುಗಳ ಸುರಕ್ಷತೆ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ) ವೆಬ್‌ಸೈಟಲ್ಲಿ ರೀಕಾಲ್, ಅಂದ್ರೆ ದೋಷ ಇದೆ ಅಂತ ವಾಪಸ್ ಕರೆದಿದ್ದು, ಆಗಿದೆಯಾ ನೋಡಿ, ಕಡ್ಡಿಗಳ ಮಧ್ಯೆ ಸೋಡಾ ಕ್ಯಾನ್ ತೂರಿದ್ರೆ ಬೇಡ. ಹಳೇ ಬಣ್ಣದ ಮರದ ಸಾಮಾನೂ ಬೇಡ, ಮನೆ ಬಳಕೆಯ ಬಣ್ಣದಲ್ಲಿ ಸೀಸ ಹಾಕೋದು ಅಲ್ಲಿ ನಿಂತಿದ್ದೇ 1978ರಲ್ಲಿ. ಅಂಗಿ, ಕುಲಾವಿ, ರಟ್ಟಿನ ಪುಸ್ತಕ ಧಾರಾಳವಾಗಿ ತಗೊಳ್ಳಿ, ಬಿಸಿನೀರಲ್ಲಿ ಒಗೆದ್ರಾಯ್ತು. ಆದ್ರೆ ಮೊದಲ ಮೂರು ತಿಂಗಳ ಸೈಜು ಜಾಸ್ತಿ ಬೇಡ, ಹಾಕೋ ಮುಂಚೆನೇ ಮಗು ಬೆಳೆದಿರುತ್ತೆ.

ಪ್ರಶ್ನೆ: ಗ್ಯಾರೇಜ್ ಸೇಲಲ್ಲಿ 5 ಡಾಲರಿಗೆ ಒಳ್ಳೇ ಬ್ಲೆಂಡರ್ ಸಿಕ್ಕಿದೆ, ಮೈಸೂರಲ್ಲಿ ಅಮ್ಮಂಗೆ ತಗೊಂಡ್ ಹೋಗ್ಲಾ?

ಉತ್ತರ: ಬೇಡಪ್ಪ. ಅಮೆರಿಕದ ಕರೆಂಟು 120 ವೋಲ್ಟು, ಮೈಸೂರಲ್ಲಿ 230, ಪ್ಲಗ್ ಮಾತ್ರ ಬದಲಾಯಿಸಿ ಹಾಕಿದ್ರೆ ಮೋಟಾರ್ ಸುಟ್ಟೋಗುತ್ತೆ. ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರ್ ಕೊಂಡ್ರೆ ಅದು ಬ್ಲೆಂಡರಿಗಿಂತ ಭಾರ, ರೇಟೂ ಜಾಸ್ತಿ, ಅದನ್ನೂ ಅಮ್ಮನೇ ಅಡುಗೆ ಕಟ್ಟೆ ಮೇಲೆ ಇಟ್ಕೋಬೇಕು. ಸೂಟ್‌ಕೇಸಿನ ಆ ಎರಡು ಮೂರು ಕೆಜೀಲಿ ಅವರಿಗೆ ಬೆಚ್ಚಗಿರೋ ಒಂದು ಶಾಲು, ಒಂದು ಜೊತೆ ಒಳ್ಳೇ ವಾಕಿಂಗ್ ಶೂ ತಗೊಂಡ್ ಹೋಗಿ.