ಕಪ್ಪು ಸವೆದರೆ ಇರಲಿ, ಮರ ನೋಡಿ

ಪ್ರಶ್ನೆ: ನಮ್ಮ ಅಜ್ಜ ಲಂಡನ್ನಿನಲ್ಲಿ ಮಾಡಿಸಿ ತರಿಸಿದ .275 ಮೌಸರ್ ರೈಫಲ್ ಮನೆಯಲ್ಲಿದೆ. ಬೋಲ್ಟಿನ ಹಿಡಿ, ಗುಂಡು ತುಂಬುವ ಮ್ಯಾಗಜೀನಿನ ತಳದ ತಗಡು ಕಪ್ಪು ಹೋಗಿ ಬೆಳ್ಳಗಾಗಿವೆ. ಬೇಸಿಗೆಯಲ್ಲಿ ಗುರಿ ಸರಿಯಿರುತ್ತದೆ, ಮಳೆಗಾಲದಲ್ಲಿ ಗುಂಡು ಎಡಕ್ಕೆ ಬೀಳುತ್ತದೆ. ಬ್ಲೂಯಿಂಗ್ ಮಾಡಿಸಿ ಮತ್ತೆ ಕಪ್ಪು ತರಿಸಿದರೆ ಸರಿಹೋಗುತ್ತಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಲ್ಲ. ಕಪ್ಪು ಸವೆದದ್ದಕ್ಕೂ ಗುಂಡು ಎಡಕ್ಕೆ ಬೀಳುವುದಕ್ಕೂ ಸಂಬಂಧವೇ ಇಲ್ಲ.

ಬ್ಲೂಯಿಂಗ್ ಮೇಲೆ ಬಳಿದ ಬಣ್ಣವಲ್ಲ. ಉಕ್ಕಿನ ಮೈಯೇ ಕಪ್ಪು ಆಕ್ಸೈಡ್ ಆಗಿರುವ ತೆಳು ಪದರ ಅದು. ತುಕ್ಕು ತಡೆಯುವ ಕೆಲಸ ಜಾಸ್ತಿ ಮಾಡುವುದು ಅದರಲ್ಲಿ ನಿಂತ ಎಣ್ಣೆ. ಒಂದೇ ಕೈಯಲ್ಲಿ ರೈಫಲ್ ಹಿಡಿದರೆ ಭಾರ ಸಮನಾಗಿ ಕೂರುವುದು ಮ್ಯಾಗಜೀನಿನ ಹತ್ತಿರ. ನಿಮ್ಮ ಅಜ್ಜ ಅಲ್ಲೇ ಹಿಡಿದು ವರ್ಷಗಟ್ಟಲೆ ನಡೆದಿದ್ದಾರೆ. ಆ ಗುರುತನ್ನು ದಯವಿಟ್ಟು ಅಳಿಸಬೇಡಿ.

ಇನ್ನೊಂದು ಭಯವೂ ಇದೆ. ಈಗ ಸಾಮಾನ್ಯವಾಗಿ ಮಾಡುವ ಬಿಸಿ ಬ್ಲೂಯಿಂಗ್‌ನಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಕರಗಿಸಿ, ಸುಮಾರು 140 ಡಿಗ್ರಿ ಬಿಸಿಯಲ್ಲಿ ಅದ್ದುತ್ತಾರೆ. ಸೀಸ-ತವರದ ಬೆಸುಗೆಯನ್ನು ಅದು ತಿಂದುಬಿಡುತ್ತದೆ. ನನ್ನ ತಂದೆಯ ಜೋಡುನಳಿಗೆ ಕೋವಿಯನ್ನು ಹೀಗೇ ಒಂದು ಕಡೆ ಕೊಟ್ಟಿದ್ದೆ. ಕಪ್ಪಗೆ ಮಿಂಚುತ್ತಾ ಬಂತು, ಆದರೆ ಎರಡು ನಳಿಗೆಗಳ ನಡುವೆ ಬೆಸೆದ ಪಟ್ಟಿ ಬಿಟ್ಟುಕೊಂಡಿತ್ತು. ಆ ನೋವು ಇನ್ನೂ ಹೋಗಿಲ್ಲ.

ನಿಮ್ಮ ತೊಂದರೆ ನಳಿಗೆ ಕೂರಿಸಿದ ಮರದಲ್ಲಿದೆ ಅನಿಸುತ್ತದೆ. ಇಂಥ ರೈಫಲುಗಳಿಗೆ ಹಾಕುವ ಅಕ್ರೋಟು ಮರ ಉದ್ದಕ್ಕೆ ಅಷ್ಟಾಗಿ ಬದಲಾಗುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ನಮ್ಮ ಕೊಡಗಿನ ಜುಲೈ ತಿಂಗಳ ತೇವ ಸಾಕು. ಉಬ್ಬಿದ ಮರ ಬಲಗಡೆಯಿಂದ ನಳಿಗೆಯನ್ನು ಒತ್ತಿದರೆ ಗುಂಡು ಎಡಕ್ಕೆ ಹೋಗುತ್ತದೆ.

ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ. ಬೋಲ್ಟ್ ತೆಗೆದಿಡಿ. ಒಂದು ಹಾಳೆಯನ್ನು ನಳಿಗೆ ಮತ್ತು ಮರದ ನಡುವೆ ಜಾರಿಸಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಬರೆದಿಡಿ. ಆಮೇಲೆ ಮರದ ತುದಿ ಮತ್ತು ನಳಿಗೆ ಸೇರುವಲ್ಲಿ ಬೆರಳಿಟ್ಟು ಉಕ್ಕನ್ನು ಮರಕ್ಕೆ ಬಿಗಿಯುವ ಮುಂದುಗಡೆಯ ಸ್ಕ್ರೂವನ್ನು ನಿಧಾನಕ್ಕೆ ಸಡಿಲಿಸಿ. ನಳಿಗೆ ಮೇಲೇಳುವುದು ಬೆರಳಿಗೆ ತಿಳಿದರೆ ಉಕ್ಕು ಮರದಲ್ಲಿ ನೆಮ್ಮದಿಯಾಗಿ ಕೂತಿಲ್ಲ, ಸ್ಕ್ರೂ ಬಿಗಿದಾಗ ಬಾಗುತ್ತಿದೆ.

ಹಾಗೆಂದು ಮರಳುಕಾಗದ ಹಿಡಿದು ಉಜ್ಜಬೇಡಿ. ಹಳೆಯ ರೈಫಲುಗಳಲ್ಲಿ ಮುಂದುಗಡೆ ಮರ ನಳಿಗೆಗೆ ತಾಗುವಂತೆ ಬೇಕೆಂದೇ ಕೂರಿಸಿರುವುದುಂಟು. ಕೆತ್ತಿದ ಮರ ವಾಪಸ್ ಬರಲ್ಲ. ಒದೆತ ತಡೆಯುವ ಉಕ್ಕಿನ ಹಲ್ಲಿನ ಹಿಂದೆ ಎಪಾಕ್ಸಿ ಅಂಟಿನ ತೆಳು ಹಾಸು ಹಾಕಿದರೆ ಹೆಚ್ಚಾಗಿ ಸಾಕಾಗುತ್ತದೆ. ಅದನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು.

ಹಿಂದಿನ ಸ್ಕ್ರೂ ಹತ್ತಿರ ಮರ ಕಪ್ಪಾಗಿ ಮೆತ್ತಗಾಗಿದೆಯಾ ನೋಡಿ. ನಳಿಗೆ ಮೇಲೆ ಮಾಡಿ ನಿಲ್ಲಿಸಿಟ್ಟ ಕೋವಿಗಳಲ್ಲಿ ಎಣ್ಣೆ ಇಳಿದು ಅಲ್ಲೇ ಸೇರುತ್ತದೆ. ಎಣ್ಣೆ ಹಚ್ಚಿದ ರಾತ್ರಿ ನಳಿಗೆ ಕೆಳಗಿರಲಿ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಅದು ತೇವ ಹಿಡಿಯುತ್ತದೆ. ಕೋವಿಗೆ ಪೂಜೆ ಮಾಡುವ ನಮ್ಮ ಕೈಲ್‌ಪೊಳ್ದ್ ಹಬ್ಬದ ದಿನ ಗಂಧ, ಹೂವು ತಾಗಿದ ಜಾಗವನ್ನು ಆ ಸಂಜೆಯೇ ಒರೆಸಿಬಿಡಿ.