ಓದುಗರ ಪ್ರಶ್ನೆ: ಸ್ಕಾಟ್ಲೆಂಡಿನ ಕ್ಯಾಸಲ್‌ನಲ್ಲಿ ಮದುವೆ, ಅಳತೆಗೆ ಹೊಲಿಸಿದ ಗೌನು

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಹುಡುಗ ಮೂರು ವರ್ಷದಿಂದ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾರೆ. ಮುಂದಿನ ಜೂನ್‌ನಲ್ಲಿ ಅಲ್ಲಿನ ಒಂದು ಕ್ಯಾಸಲ್‌ನಲ್ಲೇ ಮದುವೆಯಾಗುವ ಆಸೆ. ಕ್ಯಾಸಲ್‌ನವರು ಆಗಲೇ ಮುಂಗಡ ಕೇಳುತ್ತಿದ್ದಾರೆ. ಕಾಗದಪತ್ರ ಏನೇನು ಬೇಕು? ಅದಕ್ಕಾಗಿ ನಾನು ಮೊದಲೇ ಹೋಗಿ ಅಲ್ಲಿ ಇರಬೇಕೆ?
– ಓದುಗಿ, ಜಯನಗರ

ಉತ್ತರ: ಇರಬೇಕಾಗಿಲ್ಲ. ಇಂಗ್ಲೆಂಡಿನಲ್ಲಾದರೆ ನೋಟಿಸ್ ಕೊಡುವ ಮುಂಚೆ ಕನಿಷ್ಠ 7 ದಿನ ಅಲ್ಲೇ ವಾಸವಿರಬೇಕು. ಸ್ಕಾಟ್ಲೆಂಡಿನಲ್ಲಿ ಆ ಷರತ್ತಿಲ್ಲ. ಎಂ10 ಎಂಬ ನಮೂನೆಯನ್ನು ಇಬ್ಬರೂ ಬೇರೆ ಬೇರೆಯಾಗಿ ತುಂಬಿ, ಕ್ಯಾಸಲ್ ಯಾವ ರಿಜಿಸ್ಟ್ರಾರ್ ವ್ಯಾಪ್ತಿಗೆ ಬರುತ್ತದೋ ಅವರಿಗೆ ಅಂಚೆಯಲ್ಲೇ ಕಳಿಸಬಹುದು. 3 ತಿಂಗಳಿಗಿಂತ ಮುಂಚೆ ಕಳಿಸಿದರೆ ತೆಗೆದುಕೊಳ್ಳುವುದಿಲ್ಲ, ಮದುವೆಗೆ 29 ದಿನ ಉಳಿದಿರುವಾಗಲಾದರೂ ಅದು ಅವರ ಕೈ ಸೇರಿರಬೇಕು. ನಿಮ್ಮ ವಿಷಯದಲ್ಲಿ 3 ತಿಂಗಳ ಬಾಗಿಲು ತೆರೆದ ವಾರದಲ್ಲೇ ಕಳಿಸಿ. ಇಬ್ಬರಲ್ಲಿ ಯಾರಾದರೊಬ್ಬರಿಗೆ ಅಲ್ಲಿ ಕಾಯಂ ವಾಸದ ಹಕ್ಕಾಗಲಿ ಮದುವೆ ವೀಸಾ ಆಗಲಿ ಇಲ್ಲದಿದ್ದರೂ ಅರ್ಜಿ ಬ್ರಿಟನ್ನಿನ ಗೃಹ ಇಲಾಖೆಗೆ ಹೋಗುತ್ತದೆ. ಅವರಿಗೆ ಅನುಮಾನ ಬಂದರೆ 28 ದಿನದ ಕಾಯುವ ಅವಧಿಯನ್ನು 70 ದಿನಕ್ಕೆ ಏರಿಸಬಹುದು. ಆರು ವಾರ ಇರುವಾಗ ಅರ್ಜಿ ಹಾಕಿದವರ ಮದುವೆ ದಿನವೇ ತಪ್ಪಿಹೋಗುವುದು ಹೀಗೆ.

ಜೊತೆಗೆ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ವೀಸಾ ಸ್ಥಿತಿಯ ಘೋಷಣೆ ಬೇಕು. ನೀವು ಭಾರತದಲ್ಲೇ ಇರುವುದರಿಂದ ಮದುವೆಗೆ ಯಾವ ಅಡ್ಡಿಯೂ ಇಲ್ಲ ಎನ್ನುವ ಪ್ರಮಾಣಪತ್ರವನ್ನೂ ಕೊಡಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲದಿಂದ ಬ್ರಿಟನ್ನಿನಲ್ಲೇ ಇರುವ ನಿಮ್ಮ ಹುಡುಗನಿಗೆ ಅದು ಬೇಡ. ಭಾರತದ ಯಾವ ದಾಖಲೆಯನ್ನು ಒಪ್ಪುತ್ತಾರೆ ಎಂದು ಆ ರಿಜಿಸ್ಟ್ರಾರ್‌ಗೇ ಇಮೇಲ್ ಬರೆದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ನಮ್ಮವರು ಎಡವುವುದು ಹೆಸರಿನಲ್ಲಿ. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಎಷ್ಟೋ ಸಲ ಮಗುವಿನ ಹೆಸರೇ ಇರುವುದಿಲ್ಲ, ತಂದೆ ತಾಯಿಯ ಹೆಸರಷ್ಟೇ ಇರುತ್ತದೆ. ಇನ್ನು ಕೆಲವರಿಗೆ ಪ್ರಮಾಣಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ತಿ ರೂಪ. ಇದನ್ನು ಇವತ್ತೇ ತೆಗೆದು ನೋಡಿ. ಜನನ ನೋಂದಣಿ ಕಚೇರಿಯಲ್ಲಿ ಹೆಸರು ಸೇರಿಸಲು ತಿಂಗಳುಗಟ್ಟಲೆ ಓಡಾಡಬೇಕಾಗಬಹುದು. ಕನ್ನಡದಲ್ಲಿ ಮಾತ್ರ ಇರುವ ಪತ್ರಕ್ಕೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು.

ವೀಸಾ ವಿಷಯ: ಸಾಮಾನ್ಯ ವಿಸಿಟರ್ ವೀಸಾದಲ್ಲಿ ಹೋಗಿ ಮದುವೆಯಾಗುವಂತಿಲ್ಲ. ಮ್ಯಾರೇಜ್ ವಿಸಿಟರ್ ವೀಸಾ ಬೇಕು. ಅದರಲ್ಲಿ 6 ತಿಂಗಳವರೆಗೆ ಇರಬಹುದು, ಆದರೆ ಅಲ್ಲೇ ಕೂತು ಅದನ್ನು ಹೆಂಡತಿಯ ವೀಸಾಗೆ ಬದಲಾಯಿಸಲು ಆಗುವುದಿಲ್ಲ, ವಾಪಸ್ ಬಂದು ಅರ್ಜಿ ಹಾಕಬೇಕು. ಪ್ರಯಾಣಕ್ಕೆ 3 ತಿಂಗಳಿಗಿಂತ ಮುಂಚೆ ಈ ವೀಸಾಗೆ ಅರ್ಜಿ ಹಾಕಲು ಬರುವುದಿಲ್ಲ. ಎಂದರೆ ಕ್ಯಾಸಲ್‌ನ ಮುಂಗಡ ಯಾವಾಗಲೂ ವೀಸಾಗಿಂತ ಮೊದಲೇ ಕಟ್ಟಿರುತ್ತೀರಿ. ವೀಸಾ ಸಿಗದಿದ್ದರೆ ಎಷ್ಟು ಹಣ ವಾಪಸ್, ದಿನಾಂಕ ಮುಂದೂಡಲು ಅವಕಾಶ ಉಂಟೇ ಎಂಬುದನ್ನು ಒಪ್ಪಂದದಲ್ಲಿ ಬರೆಸದೆ ಹಣ ಕಟ್ಟಬೇಡಿ.

ಬೆಂಗಳೂರಿನಲ್ಲೇ ರಿಜಿಸ್ಟರ್ ಮಾಡಿಸಿಕೊಂಡು ಅಲ್ಲಿ ಸಮಾರಂಭ ಮಾತ್ರ ಮಾಡುವುದೂ ಒಂದು ದಾರಿ. ಆಗ ಎಂ10 ಕಟ್ಟುವಂತಿಲ್ಲ, ಏಕೆಂದರೆ ನೀವು ಆಗಲೇ ದಂಪತಿ. ಮದುವೆಯಾದ ತಕ್ಷಣ ಅಲ್ಲೇ ಸಂಸಾರ ಹೂಡುವ ಯೋಚನೆ ಇದ್ದರೆ ಈ ದಾರಿಯೇ ಸಲೀಸು: ಇಲ್ಲಿಯ ಪ್ರಮಾಣಪತ್ರ ಇಟ್ಟುಕೊಂಡು ಇಲ್ಲಿಂದಲೇ ಸಂಗಾತಿಯ ವೀಸಾಗೆ ಅರ್ಜಿ ಹಾಕಬಹುದು.

ಪ್ರಶ್ನೆ: ಬೆಸ್ಪೋಕ್ ಗೌನ್ ಎಂದರೆ ಬರೀ ಅಳತೆ ಕೊಟ್ಟು ಹೊಲಿಸುವುದೇ? ಎಷ್ಟು ತಿಂಗಳು ಮುಂಚೆ ಶುರು ಮಾಡಬೇಕು? ಸ್ಕಾಟ್ಲೆಂಡಿನಲ್ಲಿ ಹೊಲಿಸುವುದು ಒಳ್ಳೆಯದೋ ಇಲ್ಲೋ?
– ಓದುಗಿ, ಮಂಗಳೂರು

ಉತ್ತರ: ಅಳತೆ ಕೊಟ್ಟು ಹೊಲಿಸುವುದು ಬೇರೆ, ಇದು ಬೇರೆ. ಅಳತೆಯ ಹೊಲಿಗೆಯಲ್ಲಿ ಟೇಲರ್ ತನ್ನ ಬಳಿ ಇರುವ ಪ್ಯಾಟರ್ನನ್ನೇ, ಎಂದರೆ ಬಟ್ಟೆ ಕತ್ತರಿಸುವ ಮಾದರಿಯನ್ನೇ, ನಿಮ್ಮ ಅಳತೆಗೆ ತಿದ್ದುತ್ತಾರೆ. ಬೆಸ್ಪೋಕ್‌ನಲ್ಲಿ ನಿಮ್ಮ ಒಬ್ಬರ ಮೈಗೆ ಹೊಸದಾಗಿ ಪ್ಯಾಟರ್ನ್ ಬರೆದು, ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಇಡೀ ಗೌನ್ ಹೊಲಿದು, ತೊಡಿಸಿ, ಅದರ ಮೇಲೇ ಪೆನ್ಸಿಲಿನಲ್ಲಿ ಗೀಟು ಹಾಕಿ, ಬಿಚ್ಚಿ, ಆಮೇಲೆ ರೇಷ್ಮೆಗೆ ಕತ್ತರಿ ಹಾಕುತ್ತಾರೆ. “ಕೋರಾ ಬಟ್ಟೆಯಲ್ಲಿ ಮೊದಲು ಹೊಲಿದು ತೋರಿಸುತ್ತೀರಾ?” ಎಂದು ಕೇಳಿ. ಅದೆಲ್ಲ ಬೇಡ ಎಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಎಲ್ಲಿ ವಾಸವಿದ್ದೀರೋ ಅಲ್ಲೇ ಹೊಲಿಸಿ. ನಾಲ್ಕೈದು ಸಲ ಮೈಮೇಲೆ ಹಾಕಿ ನೋಡಬೇಕು, ಫೋಟೋ ಕಳಿಸಿದರೆ ಸಾಲದು. ಮಂಗಳೂರಿನಲ್ಲಿ ಕ್ರೈಸ್ತ ವಧುಗಳಿಗೆ ಗೌನ್ ಹೊಲಿದು ಕೈ ಪಳಗಿದ ಟೇಲರ್‌ಗಳು ಇರುವಾಗ ನಿಮಗೆ ದೂರ ಹೋಗುವ ಅಗತ್ಯವೇ ಇಲ್ಲ. ಬ್ರಿಟನ್ನಿನಲ್ಲಿ ಕೊಂಡರೆ ವ್ಯಾಟ್ ವಾಪಸ್ ಬರುತ್ತದೆ ಎನ್ನುವ ಮಾತೂ ಹಳೆಯದು. ಪ್ರವಾಸಿಗಳು ಅಂಗಡಿಯಿಂದ ಕೊಂಡೊಯ್ಯುವ ಸಾಮಾನಿಗೆ ಅಲ್ಲಿ 2021ರಿಂದ ಆ ಸೌಲಭ್ಯ ಇಲ್ಲ.

ಜೂನ್ ಮದುವೆಗೆ ಹಿಂದಿನ ಸೆಪ್ಟೆಂಬರ್‌ನಲ್ಲಿ ಶುರು ಮಾಡಿ. ವಿನ್ಯಾಸ, ಬಟ್ಟೆ, ಅಳತೆಗೆ ಒಂದೂವರೆ ತಿಂಗಳು. ಕೋರಾ ಬಟ್ಟೆಯ ಎರಡು ಟ್ರಯಲ್ ಜನವರಿಯೊಳಗೆ ಮುಗಿಯಲಿ. ಫೆಬ್ರವರಿಯಲ್ಲಿ ಕತ್ತರಿ, ಆಮೇಲೆ ಎರಡು ಮೂರು ಟ್ರಯಲ್, ಕಡೆಯದು ಹೊರಡುವುದಕ್ಕೆ ಎರಡು ಮೂರು ವಾರ ಮುಂಚೆ. ಮದುವೆ ಹತ್ತಿರ ಬಂದಂತೆ ಬಹಳ ಹುಡುಗಿಯರು ಸಣ್ಣಗಾಗುತ್ತಾರೆ, ಕೆಲವರು ದಪ್ಪಗಾಗುತ್ತಾರೆ. ಆದ್ದರಿಂದ ಪಕ್ಕದ ಹೊಲಿಗೆಗಳಲ್ಲಿ ಕಡೇಪಕ್ಷ ಒಂದು ಇಂಚು ಒಳಗೆ ಬಟ್ಟೆ ಬಿಡಿಸಿ. ಕೆಳಗಿನ ಹೆಮ್ಮಿಂಗ್ ಎಲ್ಲಕ್ಕಿಂತ ಕಡೆಗೆ, ಮದುವೆಯ ದಿನ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು. ನೆಲ ಮುಟ್ಟುವ ಘೇರಿನ ಗೌನ್‌ಗೆ, ಹಿಂದೆ ಒಂದು ಮೀಟರ್ ಎಳೆದಾಡುವ ಟ್ರೇನ್ ಸೇರಿ, 140 ಸೆಂಟಿಮೀಟರ್ ಅಗಲದ ಬಟ್ಟೆ 6ರಿಂದ 7 ಮೀಟರ್ ಬೇಕು. ಲೈನಿಂಗ್ ಹೆಚ್ಚುಕಡಿಮೆ ಅಷ್ಟೇ.

ತೋಳಿಲ್ಲದ, ಭುಜದ ಪಟ್ಟಿಯೂ ಇಲ್ಲದ ಗೌನ್ ಜಾರುವುದಕ್ಕೆ ಎದೆಯ ಬಿಗಿ ಸಾಲದ್ದು ಕಾರಣ ಎಂದು ಎಲ್ಲರೂ ತಿಳಿಯುತ್ತಾರೆ, ಇನ್ನೂ ಬಿಗಿ ಮಾಡಿಸುತ್ತಾರೆ. ಉಸಿರು ಕಟ್ಟುತ್ತದೆಯೇ ಹೊರತು ಜಾರುವುದು ನಿಲ್ಲುವುದಿಲ್ಲ. ಲಂಗದ ಭಾಗದ ತೂಕವೆಲ್ಲ ಮೇಲಿನ ಭಾಗವನ್ನು ಕೆಳಗೆಳೆಯುತ್ತಿರುತ್ತದೆ. ಮದ್ದು ಒಳಗಿದೆ: ಸೊಂಟದ ಸುತ್ತ, ಲೈನಿಂಗ್‌ಗೆ ಅಲ್ಲಲ್ಲಿ ಮಾತ್ರ ಹಿಡಿಸಿದ, ಒಂದು ಇಂಚು ಅಗಲದ ಗಟ್ಟಿ ರಿಬ್ಬನ್ ಪಟ್ಟಿ, ಅದಕ್ಕೆ ಬೇರೆಯೇ ಕೊಕ್ಕೆ. ಮೊದಲು ಆ ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಂಡು ಆಮೇಲೆ ಹಿಂದಿನ ಜಿಪ್ ಎಳೆಯಬೇಕು. ತೂಕ ಆಗ ಸೊಂಟದ ಮೇಲೆ ಕೂರುತ್ತದೆ. ಟ್ರಯಲ್‌ನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು. ಕೂತು ನೋಡಿ, ಮೆಟ್ಟಿಲು ಹತ್ತಿ, ಎರಡೂ ಕೈ ಎತ್ತಿ ಹಾರ ಹಾಕುವಂತೆ ಮಾಡಿ. ನಮ್ಮ ಮದುವೆಯಲ್ಲಿ ಗೌನ್ ಕೈಕೊಡುವುದಾದರೆ ಮಾಲೆ ಬದಲಾಯಿಸುವ ಗಳಿಗೆಯಲ್ಲೇ.

ಇನ್ನು ಕ್ಯಾಸಲ್‌ಗೆ ತಕ್ಕ ಹೊಲಿಗೆ. ಹಳೆಯ ಕ್ಯಾಸಲ್‌ಗಳಲ್ಲಿ ಕಲ್ಲಿನ ಸುರುಳಿ ಮೆಟ್ಟಿಲು. ಕಂಬದ ಕಡೆ ಪಾದ ಊರಲೂ ಜಾಗವಿರುವುದಿಲ್ಲ, ಹೊರಗೋಡೆಯ ಕಡೆಯೇ ನಡೆಯಬೇಕು, ಇಬ್ಬರು ಒಟ್ಟಿಗೆ ಇಳಿಯಲಾಗದು. ಎಂದರೆ ಟ್ರೇನ್ ಎತ್ತಿಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕೆ ಮಣಿಕಟ್ಟಿಗೆ ಸಿಕ್ಕಿಸುವ ಒಂದು ಲೂಪ್ ಹಾಕಿಸಿ. ರಾತ್ರಿಯ ಕೇಲಿ ಎಂಬ ಸ್ಕಾಟಿಷ್ ಗುಂಪು ಕುಣಿತಕ್ಕೆ ಟ್ರೇನನ್ನು ಮೇಲಕ್ಕೆ ಮಡಿಸಿ ಕಟ್ಟುವ ಗುಂಡಿ, ಲೂಪುಗಳು ಬೇರೆ ಬೇಕು, ಮೂರರಿಂದ ಐದು ಕಡೆ. ಅದನ್ನು ಕಟ್ಟುವುದನ್ನು ತಂಗಿಗೋ ಅತ್ತಿಗೆಗೋ ಟೇಲರ್ ಅಂಗಡಿಯಲ್ಲೇ ಕಲಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಮುಂದಿನ ಅಂಚು ನೆಲದಿಂದ 2 ಸೆಂಟಿಮೀಟರ್ ಮೇಲಿರಲಿ.

ಮಳೆ ಬಂದೇ ಬರುತ್ತದೆ ಎಂದುಕೊಂಡೇ ಬಟ್ಟೆ ಆರಿಸಿ. ರೇಷ್ಮೆ ಸ್ಯಾಟಿನ್ ಮೇಲೆ ಒಂದು ಹನಿ ಬಿದ್ದು ಒಣಗಿದರೂ ಅಂಚು ಕಟ್ಟಿದ ಕಲೆ ಉಳಿಯಬಹುದು. ಅಂಗಡಿಯಲ್ಲಿ ಅಂಗೈಯಗಲ ತುಂಡು ಕೇಳಿ ತಂದು, ಮೂರು ಹನಿ ನೀರು ಹಾಕಿ, ಒಣಗಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಚಳಿಗೆ ಮೇಲೊಂದು ಉಣ್ಣೆಯ ಹೊದಿಕೆ ಬೇಕು. ಎಡಿನ್‌ಬರೋದಲ್ಲಿ ಜುಲೈ ಮಧ್ಯಾಹ್ನದ ಗರಿಷ್ಠ ತಾಪಮಾನವೇ ಸರಾಸರಿ 19 ಡಿಗ್ರಿಯ ಸುತ್ತಮುತ್ತ, ಕಲ್ಲಿನ ಹಜಾರದೊಳಗೆ ಇನ್ನೂ ತಂಪು. ಹ್ಯಾರಿಸ್ ಟ್ವೀಡ್‌ನ ಕೇಪ್ ಬಹಳ ಒಪ್ಪುತ್ತದೆ. ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳವರು ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ನೇಯ್ದ ಉಣ್ಣೆಗೆ ಮಾತ್ರ ಆ ಹೆಸರು ಸಲ್ಲಬೇಕೆಂದು 1993ರ ಕಾಯ್ದೆಯೇ ಇದೆ.

ಪ್ರಶ್ನೆ: ಅಜ್ಜಿಯ ಮೈಸೂರು ಸಿಲ್ಕ್ ಸೀರೆಯನ್ನು ಗೌನ್ ಮಾಡಿಸಬಹುದೇ?
– ಓದುಗಿ, ಮೈಸೂರು

ಉತ್ತರ: ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ಸೀರೆ ಅಲ್ಲೇ ಸೀಳುವುದು. ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಎಳೆದಾಗ ಎಳೆ ಬಿಟ್ಟರೆ ಕತ್ತರಿ ಹಾಕಬೇಡಿ, ತೋಳಿಗೋ ಒಳಗಿನ ಲೈನಿಂಗ್‌ಗೋ ಸಾಕು.

ಗಟ್ಟಿಯಾಗಿದ್ದರೂ ಲೆಕ್ಕ ನೋಡಿ. ಐದೂವರೆ ಮೀಟರ್ ಉದ್ದ, ಅಗಲ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಘೇರು ಗೌನ್‌ಗೆ ಇದು ಸಾಲದು. ಮೈಸೂರು ಸಿಲ್ಕಿನ ಕ್ರೇಪ್ ಜೋತಾಡುವ ಬಟ್ಟೆ, ಉಬ್ಬಿ ನಿಲ್ಲುವುದಿಲ್ಲ. ಇನ್ನೊಂದು ತೊಡಕು ಅಂಚಿನದು: ಘೇರು ಕೊಟ್ಟು ಕತ್ತರಿಸಿದ ಲಂಗದ ಕೆಳಅಂಚು ಬಾಗಿರುತ್ತದೆ, ಸೀರೆಯ ಜರಿ ಅಂಚು ನೆಟ್ಟಗಿರುತ್ತದೆ. ಎಳೆದು ಹೊಂದಿಸಿದರೆ ಸುತ್ತಲೂ ಮುದುಡುತ್ತದೆ. ನೆಟ್ಟನೆಯ ಪಟ್ಟಿಗಳನ್ನೇ ಸೊಂಟದಲ್ಲಿ ನಿರಿಗೆ ಹಿಡಿದು ಲಂಗ ಮಾಡಿದರೆ ಅಂಚು ಅಂಚಾಗಿಯೇ ಉಳಿಯುತ್ತದೆ. ಮೇಲ್ಭಾಗಕ್ಕೆ ಒಳಗಿನಿಂದ ತೆಳ್ಳಗೆ ಬಿರುಸಾದ ರೇಷ್ಮೆ ಆರ್ಗೆಂಜಾ ಬಟ್ಟೆ ಕೊಡಿಸಿ, ಇಲ್ಲದಿದ್ದರೆ ಹೊಲಿಗೆಯ ಬಳಿ ಎಳೆ ಸರಿಯುತ್ತದೆ. ಹುರಿ ಹೆಚ್ಚಿರುವ ಕ್ರೇಪ್ ಕುಗ್ಗುವುದರಿಂದ ಕತ್ತರಿಸುವ ಮುಂಚೆಯೇ ಡ್ರೈಕ್ಲೀನ್ ಆಗಲಿ. ಜರಿಯ ಮೇಲೆ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ.

ಆದರೆ ನಮ್ಮನ್ನು ಕೇಳಿದರೆ ಕತ್ತರಿಸಬೇಡಿ. ಧಾರೆಗೆ ಅಜ್ಜಿಯ ಸೀರೆಯನ್ನು ಸೀರೆಯಾಗಿಯೇ ಉಡಿ, ಸಂಜೆಗೆ ಗೌನ್ ಇರಲಿ.

ಪ್ರಶ್ನೆ: ಮಗಳ ಮದುವೆ ಸ್ಕಾಟ್ಲೆಂಡಿನಲ್ಲಿ. ಮುಹೂರ್ತ, ಹೋಮ, ಧಾರೆ ಎಲ್ಲ ಆಗಲೇಬೇಕು ಎಂದು ನಮ್ಮ ಆಸೆ. ಕ್ಯಾಸಲ್‌ನಲ್ಲಿ ಬಿಡುತ್ತಾರಾ? ಪೇಡ ಇಲ್ಲಿಂದಲೇ ಒಯ್ಯೋಣ ಅಂತಿದ್ದೀವಿ.
– ತಾಯಿ, ಧಾರವಾಡ

ಉತ್ತರ: ಪೇಡ ಒಯ್ಯಬೇಡ್ರಿ ತಾಯಿ. ಭಾರತದಿಂದ ಹಾಲಿನ ಪದಾರ್ಥಗಳನ್ನು ಸಾಮಾನಿನಲ್ಲಿ ತರಲು ಬ್ರಿಟನ್ನಿನಲ್ಲಿ ಬಿಡುವುದಿಲ್ಲ. ತುಪ್ಪವೂ ಅಷ್ಟೇ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ತೆಗೆದು ಬಿಸಾಡುತ್ತಾರೆ. ಹೋಮದ ತುಪ್ಪವನ್ನು ಅಲ್ಲಿಯ ಭಾರತೀಯ ಅಂಗಡಿಯಲ್ಲೇ ಕೊಳ್ಳಿ.

ಮುಹೂರ್ತವನ್ನು ಇಲ್ಲಿಯ ಪಂಚಾಂಗದಿಂದ ತೆಗೆದು ನಾಲ್ಕೂವರೆ ಗಂಟೆ ಕಳೆಯುವುದು ತಪ್ಪು. ಲಗ್ನ, ಎಂದರೆ ಒಂದು ರಾಶಿ ಮೂಡಣದಲ್ಲಿ ಉದಯಿಸುವ ಹೊತ್ತು, ಊರಿನ ಅಕ್ಷಾಂಶಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಂಗಳೂರಿನಲ್ಲಿ ಸುಮಾರು 1 ಗಂಟೆ 40 ನಿಮಿಷ ಇರುವ ಮೀನ ಲಗ್ನ ಎಡಿನ್‌ಬರೋದಲ್ಲಿ ಹೆಚ್ಚುಕಡಿಮೆ 40 ನಿಮಿಷಕ್ಕೇ ಮುಗಿಯುತ್ತದೆ. ಕನ್ಯಾ ಲಗ್ನ ಮೂರು ಗಂಟೆ ಹಿಡಿಯುತ್ತದೆ. ಕ್ಯಾಸಲ್ ಇರುವ ಊರಿನ ಅಕ್ಷಾಂಶ ರೇಖಾಂಶ ಕೊಟ್ಟು, ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂದೂ ಹೇಳಿ, ಶಾಸ್ತ್ರಿಗಳಿಂದ ಲೆಕ್ಕ ಹಾಕಿಸಿ. ಸಾಧ್ಯವಾದರೆ ಉದ್ದನೆಯ ಲಗ್ನವನ್ನೇ ಹಿಡಿಯಿರಿ, ಮಳೆಗೆ ಜಾಗ ಬದಲಾಯಿಸಲು ಸಮಯ ಸಿಗುತ್ತದೆ.

ಹೋಮಕ್ಕೆ ಒಳಗೆ ಬಿಡುವ ಕ್ಯಾಸಲ್‌ಗಳು ಅಪರೂಪ. ಹಳೆಯ ಮರದ ಚಾವಣಿ, ಹೊಗೆ ಪತ್ತೆ ಮಾಡುವ ಅಲಾರಂ, ವಿಮೆಯ ಷರತ್ತು. ಹಲವು ಕಡೆ ಮೇಣದ ಬತ್ತಿಯೂ ಕೂಡದು. ಪಕ್ಕ ತೆರೆದಿರುವ ಶಾಮಿಯಾನದಲ್ಲಿ, ಮರಳು ಹಾಸಿದ ತಟ್ಟೆಯ ಮೇಲೆ ಸಣ್ಣ ಕುಂಡ ಇಟ್ಟು ಮಾಡಲು ಒಪ್ಪುತ್ತಾರಾ ಎಂದು ಮುಂಗಡ ಕೊಡುವ ಮುಂಚೆಯೇ ಲಿಖಿತವಾಗಿ ಕೇಳಿ. “ಬೆಂಕಿ” ಎಂದಷ್ಟೇ ಬರೆದರೆ ಬೇಡ ಎನ್ನುತ್ತಾರೆ. ಕುಂಡದ ಅಳತೆ, ಎಷ್ಟು ನಿಮಿಷ ಉರಿಯುತ್ತದೆ, ನಂದಿಸುವ ಏರ್ಪಾಡೇನು ಎಂದು ಬರೆದು ಕುಂಡದ ಫೋಟೋ ಸೇರಿಸಿ. ಮಂಟಪದ ಕೆಳಗೆ ದಪ್ಪ ಬಟ್ಟೆ ಹಾಸಿ. ಅರಿಶಿನ ಕುಂಕುಮ ಮರಳುಗಲ್ಲಿಗೆ ಇಳಿದರೆ ಹೋಗುವುದಿಲ್ಲ, ಒದ್ದೆ ಕಲ್ಲಿನ ಮೇಲೆ ಅಕ್ಷತೆ ಬಿದ್ದರೆ ಹಿರಿಯರು ಜಾರುತ್ತಾರೆ.

ಮಂತ್ರ ಹೇಳುವವರು ಅಲ್ಲಿಯ ಕಾನೂನಿನಂತೆ ಮದುವೆ ಮಾಡಿಸುವ ಅಧಿಕಾರ ಪಡೆದವರೇ ಎಂದು ವಿಚಾರಿಸಿ. ಸ್ಕಾಟ್ಲೆಂಡಿನಲ್ಲಿ ಜಾಗಕ್ಕಿಂತ ಮದುವೆ ಮಾಡಿಸುವವರ ಅಧಿಕಾರ ಮುಖ್ಯ. ಅಧಿಕಾರ ಇಲ್ಲದಿದ್ದರೆ ರಿಜಿಸ್ಟ್ರಾರನ್ನು ಬೇರೆಯಾಗಿ ಕರೆಸಬೇಕು. 16 ತುಂಬಿದ ಇಬ್ಬರು ಸಾಕ್ಷಿಗಳಿರಬೇಕು. ರಿಜಿಸ್ಟ್ರಾರ್ ಕೊಡುವ ಶೆಡ್ಯೂಲ್ ಎಂಬ ಪತ್ರ ಇಲ್ಲದೆ ಮದುವೆ ನಡೆಯುವಂತಿಲ್ಲ, ಸಹಿ ಆದ ಮೇಲೆ ಅದು 3 ದಿನದೊಳಗೆ ವಾಪಸ್ ಹೋಗಬೇಕು. ಗಲಾಟೆಯಲ್ಲಿ ಅದು ಯಾರ ಕೈಚೀಲದಲ್ಲಿದೆ ಎಂದು ಹುಡುಕುವಂತಾಗಬಾರದು, ಒಬ್ಬರಿಗೆ ವಹಿಸಿ.

ಪ್ರಶ್ನೆ: ಫೋಟೋಗಳಲ್ಲಿ ಕಾಣುವ ಐಲಿಯನ್ ಡೊನನ್ ಕ್ಯಾಸಲ್‌ಗೆ ಮನಸೋತಿದ್ದೇವೆ. 120 ಜನ ಬರುತ್ತಾರೆ. ಆಗುತ್ತದೆಯೇ?
– ಓದುಗ, ಶಿವಮೊಗ್ಗ

ಉತ್ತರ: 120 ಜನಕ್ಕೆ ಆಗುವುದಿಲ್ಲ. 1719ರಲ್ಲಿ ಪಾಳುಬಿದ್ದ ಕೋಟೆ ಅದು, ಈಗ ಕಾಣುವುದು ಮತ್ತೆ ಕಟ್ಟಿ 1932ರಲ್ಲಿ ಮುಗಿಸಿದ್ದು. ಒಳಗಿನ ಹಜಾರ ಚಿಕ್ಕದು, ಸಣ್ಣ ದ್ವೀಪದ ಮೇಲಿರುವುದರಿಂದ ಸೇತುವೆಯನ್ನು ನಡೆದೇ ದಾಟಬೇಕು. ಎಡಿನ್‌ಬರೋದಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮೇಲೆ. ಹತ್ತಿಪ್ಪತ್ತು ಜನರ ಮದುವೆಗೆ ಅದಕ್ಕಿಂತ ಚೆಂದದ ಜಾಗ ಸಿಗುವುದು ಕಷ್ಟ. ದೊಡ್ಡ ಬಳಗಕ್ಕೆ ಎಡಿನ್‌ಬರೋ ಹತ್ತಿರದ ಡಂಡಾಸ್ ಕ್ಯಾಸಲ್‌ನಂಥ ಕಡೆ ವಿಚಾರಿಸಿ, ಅದು ವಿಮಾನ ನಿಲ್ದಾಣಕ್ಕೂ ಸಮೀಪ. ಅಜ್ಜ ಅಜ್ಜಿಯರಿಗೆ ಲಿಫ್ಟ್ ಇದೆಯೇ, ಬಸ್ಸು ಗೇಟಿನೊಳಗೆ ಬರುತ್ತದೆಯೇ, ನಮ್ಮ ಅಡುಗೆಯವರಿಗೆ ಅಡುಗೆಮನೆ ಬಿಡುತ್ತಾರೆಯೇ ಎಂಬ ಮೂರು ಪ್ರಶ್ನೆ ಮೊದಲು ಕೇಳಿ. ಪಶ್ಚಿಮದ ಬೆಟ್ಟಸೀಮೆಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಿಜ್ ಎಂಬ ಕಚ್ಚುವ ಸಣ್ಣ ನುಸಿಗಳ ಕಾಟ. ಗಾಳಿ ಬೀಸುತ್ತಿದ್ದರೆ ಹಾರುವುದಿಲ್ಲ, ಗಾಳಿ ನಿಂತ ಸಂಜೆ ಮೋಡದಂತೆ ಮುತ್ತುತ್ತವೆ. ಹೊರಗಿನ ಫೋಟೋಗಳನ್ನು ಮಧ್ಯಾಹ್ನವೇ ಮುಗಿಸಿ.

ಪ್ರಶ್ನೆ: ವರ ಕಿಲ್ಟ್ ಉಡಬಹುದೇ? ನಮ್ಮದು ಯಾವ ಸ್ಕಾಟಿಷ್ ಮನೆತನವೂ ಅಲ್ಲವಲ್ಲ.
– ಓದುಗ, ಹುಬ್ಬಳ್ಳಿ

ಉತ್ತರ: ಧಾರಾಳವಾಗಿ ಉಡಬಹುದು. ಮಂಡಿಯವರೆಗಿನ ಈ ನಿರಿಗೆಯ ಉಡುಪಿಗೆ, ಮನೆತನದ ಹಂಗಿಲ್ಲದ ಟಾರ್ಟನ್ ಎಂಬ ಚೌಕುಳಿ ಬಟ್ಟೆಗಳು ಎಷ್ಟೋ ಇವೆ. ಪೂರ್ಣ ಕಿಲ್ಟಿಗೆ 8 ಗಜ ಬಟ್ಟೆ ಹಿಡಿಯುತ್ತದೆ. ಹೊಲಿಸುವುದಾದರೆ ಮೂರು ತಿಂಗಳು ಮುಂಚೆ ಹೇಳಿ, ಒಂದು ದಿನಕ್ಕೆ ಬಾಡಿಗೆಯೇ ಸಾಕು. ಅಳತೆ ಪ್ಯಾಂಟಿನ ಸೊಂಟದ್ದಲ್ಲ: ಹೊಕ್ಕುಳ ಮಟ್ಟದ ಸುತ್ತಳತೆ, ಪೃಷ್ಠದ ಸುತ್ತಳತೆ, ಹೊಕ್ಕುಳಿನಿಂದ ಮಂಡಿಯ ನಡುವಿನವರೆಗೆ ಉದ್ದ. ಪ್ಯಾಂಟಿನ ಅಳತೆ ಕೊಟ್ಟವರ ಕಿಲ್ಟ್ ಮಂಡಿಯ ಕೆಳಗೆ ಇಳಿದು ನಿಲ್ಲುತ್ತದೆ. ಕಾಲುಚೀಲದಲ್ಲಿ ಸಿಕ್ಕಿಸುವ ಪುಟ್ಟ ಚಾಕು ಸ್ಕಿಯನ್ ಡೂ ಇದ್ದರೆ ವಿಮಾನದಲ್ಲಿ ಚೆಕ್-ಇನ್ ಸೂಟ್‌ಕೇಸಿಗೇ ಹಾಕಿ.